ಮಿಲಿಮೀಟರ್ ಲೆಕ್ಕ, ಹದದ ಲೆಕ್ಕ: ಐವಿಎಫ್‌ನಲ್ಲಿ ಗರ್ಭಕೋಶದ ಒಳಪದರ ಎಷ್ಟು ಮುಖ್ಯ?

ಸ್ಕ್ಯಾನಿಂಗ್ ರೂಮಿನಿಂದ ಹೊರಗೆ ಬಂದ ತಂಗಿ ಮೊದಲು ಹೇಳಿದ್ದೇ ಒಂದು ಸಂಖ್ಯೆ. “ಆರು ಪಾಯಿಂಟ್ ಎರಡಂತೆ ಕಣಕ್ಕಾ.” ಕುರ್ಚಿಯಲ್ಲಿ ಕೂತವಳೇ ಬ್ಯಾಗಿನಿಂದ ಪುಟ್ಟ ಡೈರಿ ತೆಗೆದು ಬರೆದುಕೊಂಡಳು. ಮೇಲಿನ ಸಾಲುಗಳಲ್ಲಿ 5.4, 5.8, 5.9 ಅಂತ ಇತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಇಣುಕಿ ನೋಡಿ, “ನಂದು ಒಂಬತ್ತು ಬಂದಿದೆ, ನೀವು ದಾಳಿಂಬೆ ಜ್ಯೂಸ್ ಕುಡೀರಿ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ತಂಗಿಯ ಮುಖ ಬಾಡಿಹೋಯಿತು. ಆ ತಿಂಗಳು ಒಳಪದರ 7 ಮಿಲಿಮೀಟರ್ ಮುಟ್ಟಲಿಲ್ಲ ಅಂತ ಎಂಬ್ರಿಯೋ ಟ್ರಾನ್ಸ್‌ಫರ್, ಅಂದರೆ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಕೆಲಸ, ಮುಂದಕ್ಕೆ ಹೋಯಿತು.

ದೇಹದ ಹೊರಗೆ ಭ್ರೂಣ ಬೆಳೆಸುವ ಐವಿಎಫ್ ಹಾದಿ ಹಿಡಿದ ಯಾರನ್ನೇ ಕೇಳಿ, ಈ ಸಂಖ್ಯೆಯ ಕಥೆ ಅವರಲ್ಲಿ ಇದ್ದೇ ಇರುತ್ತದೆ. “ಲೈನಿಂಗ್ ಎಷ್ಟು ಬಂತು?” ಅನ್ನುವುದು ವೇಟಿಂಗ್ ಹಾಲಿನ ಕುಶಲಪ್ರಶ್ನೆ. ಚಿಕಿತ್ಸೆ ಫಲ ಕೊಡದಿದ್ದರೂ ಬೆರಳು ತೋರುವುದು ಅದರ ಕಡೆಗೇ. “ಎಂಬ್ರಿಯೋ ಚೆನ್ನಾಗೇ ಇತ್ತು, ನಿಮ್ಮ ಲೈನಿಂಗ್ ಹಿಡಿದುಕೊಳ್ಳಲಿಲ್ಲ” ಎಂದುಬಿಡುತ್ತಾರೆ. ಆ ಮಾತು ಕೇಳಿದ ಹೆಣ್ಣಿಗೆ ತನ್ನ ಮೈಯೇ ತನಗೆ ಕೈಕೊಟ್ಟಿತು ಅನಿಸುತ್ತದೆ. ತಂಗಿಗೂ ಮೊದಲ ಸಲ ಹಾಗೇ ಹೇಳಿದ್ದರು. ಅವತ್ತಿನಿಂದ ನಾನು ಈ ವಿಷಯ ಹುಡುಕಿ ಓದಲು ಕೂತೆ. ಓದಿದ ಮೇಲೆ ನನಗೆ ತಿಳಿದದ್ದು ಇಷ್ಟು: ಒಳಪದರ ಖಂಡಿತ ಮುಖ್ಯ. ಆದರೆ ನಾವು ಅಳೆಯುವುದು ಅದರ ದಪ್ಪವನ್ನು, ಗರ್ಭಕ್ಕೆ ಬೇಕಾದದ್ದು ಅದರ ಹದ. ಇವೆರಡೂ ಒಂದೇ ಅಲ್ಲ.

ತಿಂಗಳಿಗೊಮ್ಮೆ ಕಟ್ಟುವ ಹಾಸು

ಗರ್ಭಕೋಶದ ಒಳಗೋಡೆಗೆ ಹಾಸಿದಂತಿರುವ ಮೆತ್ತನೆಯ ಪದರವೇ ಎಂಡೊಮೆಟ್ರಿಯಂ. ಕ್ಲಿನಿಕ್ಕಿನಲ್ಲಿ ಎಲ್ಲರೂ ಲೈನಿಂಗ್ ಅಂತಲೇ ಕರೆಯುತ್ತಾರೆ. ಇದರಲ್ಲಿ ಎರಡು ಭಾಗ. ಮೇಲಿನದು ಪ್ರತಿ ತಿಂಗಳು ಬೆಳೆದು, ಮುಟ್ಟಿನಲ್ಲಿ ಕಳಚಿ ಹೋಗುತ್ತದೆ. ತಳದ್ದು ಹೋಗುವುದಿಲ್ಲ. ಅಲ್ಲಿಂದಲೇ ಹೊಸದು ಚಿಗುರುತ್ತದೆ. ಹುಲ್ಲು ಕೊಯ್ದರೂ ಬೇರಿದ್ದರೆ ಮತ್ತೆ ಬರುತ್ತದಲ್ಲ, ಹಾಗೆ. ಈ ಬೇರಿನ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮುಟ್ಟು ನಿಂತಾಗ ಪದರ 3-4 ಮಿಲಿಮೀಟರ್ ಇರುತ್ತದೆ. ಅಂಡಾಶಯದಲ್ಲಿ ಬೆಳೆಯುವ ಕೋಶಕ, ಅಂದರೆ ಅಂಡಾಣುವಿನ ಪುಟ್ಟ ಚೀಲ, ಈಸ್ಟ್ರೋಜನ್ ಹಾರ್ಮೋನು ಸುರಿಸುತ್ತಾ ಹೋದಂತೆ ಇದೂ ದಪ್ಪವಾಗುತ್ತದೆ. ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ಸಾಮಾನ್ಯವಾಗಿ 8ರಿಂದ 12 ಮಿಲಿಮೀಟರ್. ಆಗ ಸ್ಕ್ಯಾನ್‌ನಲ್ಲಿ ಮೂರು ಬಿಳಿ ಗೆರೆ ಕಾಣುತ್ತವೆ. ರಿಪೋರ್ಟಿನಲ್ಲಿ ‘ಟ್ರಿಪಲ್ ಲೈನ್’ ಅಂತ ಬರೆಯುವುದು ಇದನ್ನೇ.

ಆಮೇಲೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಬರುತ್ತದೆ. ಇಲ್ಲಿಂದ ದಪ್ಪದ ಆಟ ಮುಗಿಯಿತು, ಹದದ ಆಟ ಶುರು. ಬೆಳೆಯುವುದು ನಿಂತು ಪದರ ಮಾಗತೊಡಗುತ್ತದೆ. ಗ್ರಂಥಿಗಳು ಪೌಷ್ಟಿಕ ರಸ ಸುರಿಸುತ್ತವೆ. ರಕ್ತನಾಳಗಳು ಸುರುಳಿ ಸುರುಳಿಯಾಗಿ ಬೆಳೆಯುತ್ತವೆ. ಜೀವಕೋಶಗಳು ತಮ್ಮ ಆಕಾರವನ್ನೇ ಬದಲಿಸಿಕೊಳ್ಳುತ್ತವೆ. ಎಲ್ಲ ಸರಿಹೋದರೆ ಕೆಲವೇ ದಿನ ಬಾಗಿಲು ತೆರೆಯುತ್ತದೆ. ಭ್ರೂಣ ಅಂಟಿಕೊಳ್ಳಲು ಸಾಧ್ಯವಾಗುವುದು ಆಗ ಮಾತ್ರ.

ಈ ಬಾಗಿಲು ಎಷ್ಟು ಕಿರಿದು ಅನ್ನುವುದಕ್ಕೆ ಒಂದು ಹಳೆಯ, ಗಟ್ಟಿ ಸಾಕ್ಷಿ ಇದೆ. 1999ರಲ್ಲಿ ಅಮೆರಿಕದ ಸಂಶೋಧಕರು, ಸಹಜವಾಗಿ ಗರ್ಭ ಧರಿಸಲು ಯತ್ನಿಸುತ್ತಿದ್ದ ಮಹಿಳೆಯರ ಮೂತ್ರವನ್ನು ದಿನಾ ಪರೀಕ್ಷಿಸಿ, ಭ್ರೂಣ ಯಾವ ದಿನ ಅಂಟಿತು ಎಂದು ಲೆಕ್ಕ ಹಾಕಿದರು. ಉಳಿದು ಬೆಳೆದ ಗರ್ಭಗಳಲ್ಲಿ 84 ಶೇಕಡಾ, ಅಂಡಾಣು ಬಿಡುಗಡೆಯಾದ 8, 9 ಅಥವಾ 10ನೇ ದಿನ ಅಂಟಿದಂಥವು. ತಡವಾದಷ್ಟೂ ಗರ್ಭ ಬಹಳ ಬೇಗ ಕಳಚಿಹೋಗುವುದು ಜಾಸ್ತಿ. 9ನೇ ದಿನದೊಳಗೆ ಅಂಟಿದವುಗಳಲ್ಲಿ ಹಾಗೆ ಹೋದದ್ದು 13 ಶೇಕಡಾ. 11ನೇ ದಿನ ಅಂಟಿದವುಗಳಲ್ಲಿ 52 ಶೇಕಡಾ.

ನನಗೆ ತುಂಬ ಹಿಡಿಸಿದ ಇನ್ನೊಂದು ಸಂಗತಿ ಇದೆ. ಹಸು, ಮೇಕೆ, ಕುರಿಗೆ ನಮ್ಮ ಹಾಗೆ ತಿಂಗಳ ಮುಟ್ಟಿಲ್ಲ. ಮನುಷ್ಯರು, ಕೆಲವು ಕೋತಿಗಳು, ಕೆಲವು ಬಾವಲಿಗಳು, ಹೀಗೆ ಬೆರಳೆಣಿಕೆಯ ಪ್ರಾಣಿಗಳಿಗೆ ಮಾತ್ರ ಇದೆ. ನಮ್ಮ ಗರ್ಭಕೋಶ ಭ್ರೂಣ ಬಂದು ಬಾಗಿಲು ತಟ್ಟುವವರೆಗೆ ಕಾಯುವುದಿಲ್ಲ. ಪ್ರತಿ ತಿಂಗಳೂ ತಾನೇ ಸಿದ್ಧವಾಗಿ ಕೂರುತ್ತದೆ. ಯಾಕೆ ಹೀಗೆ? ಬಂದ ಭ್ರೂಣ ಹೇಗಿದೆ ಅಂತ ಒಳಪದರವೇ ಮುಟ್ಟಿ ನೋಡಿ, ಕೆಟ್ಟದ್ದನ್ನು ಬೇಗ ಕಳಿಸಿಬಿಡುವ ವ್ಯವಸ್ಥೆ ಇದು ಅನ್ನುತ್ತಾರೆ ಕೆಲವು ತಜ್ಞರು. ಹಾಗಿದ್ದರೆ ಅದು ಸುಮ್ನೆ ಮಲಗಿರುವ ನೆಲವಲ್ಲ, ನೋಡಿ ಆರಿಸುವ ಅಂಗ. ನಮ್ಮಲ್ಲಿ ಹೆಣ್ಣನ್ನು ಹೊಲಕ್ಕೆ, ಗಂಡನ್ನು ಬಿತ್ತುವವನಿಗೆ ಹೋಲಿಸುವ ರೂಢಿ ಹಳೆಯದು. ಬೆಳೆ ಬರದಿದ್ದರೆ ತಪ್ಪು ಹೊಲದ್ದೇ. ಬಂಜರು, ಬಂಜೆ, ಎರಡೂ ಅಕ್ಕಪಕ್ಕದ ಮಾತುಗಳು. ಆ ಹೋಲಿಕೆಯನ್ನು ನಾವು ಇನ್ನಾದರೂ ಬಿಡಬೇಕು.

ಏಳು ಅನ್ನುವ ಗೆರೆ

ಈಗ ಆ ಸಂಖ್ಯೆಯ ವಿಷಯಕ್ಕೆ ಬರೋಣ. 7 ಮಿಲಿಮೀಟರ್ ಅನ್ನುವ ಗೆರೆ ಎಲ್ಲಿಂದ ಬಂತು? ಆಕಾಶದಿಂದ ಉದುರಿದ್ದಲ್ಲ, ಅದಕ್ಕೆ ಆಧಾರ ಇದೆ. ಕೆನಡಾದಲ್ಲಿ 40 ಸಾವಿರಕ್ಕೂ ಹೆಚ್ಚು ಎಂಬ್ರಿಯೋ ಟ್ರಾನ್ಸ್‌ಫರ್‌ಗಳ ದಾಖಲೆ ಜಾಲಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದರಲ್ಲಿ ದೊಡ್ಡದು. ಅಂಡಾಣು ತೆಗೆದ ತಿಂಗಳಲ್ಲೇ ಭ್ರೂಣ ಇಟ್ಟಾಗ, ಅಂದರೆ ಫ್ರೆಶ್ ಟ್ರಾನ್ಸ್‌ಫರ್‌ನಲ್ಲಿ, ಪದರ 8 ಮಿಲಿಮೀಟರ್ ಅಥವಾ ಜಾಸ್ತಿ ಇದ್ದವರಲ್ಲಿ ಮಗು ಹುಟ್ಟಿದ್ದು 33.7 ಶೇಕಡಾ. 7ರಿಂದ 7.9 ಇದ್ದವರಲ್ಲಿ 25.5. 5ರಿಂದ 5.9 ಇದ್ದವರಲ್ಲಿ 18.1. ಫ್ರೀಜ್ ಮಾಡಿಟ್ಟ ಭ್ರೂಣ ಇಟ್ಟವರಲ್ಲಿ 8ರ ಮೇಲೆ 28.4, 7ರಿಂದ 7.9ರಲ್ಲಿ 27.4. ವ್ಯತ್ಯಾಸವೇ ಇಲ್ಲ ಅನ್ನಬಹುದು. 6ರಿಂದ 6.9ರಲ್ಲಿ 23.7. ಅದಕ್ಕೂ ಕೆಳಗೆ ಇಳಿದಾಗ 15.

ಈ ಅಂಕಿಗಳನ್ನು ಎರಡು ಸಲ ಓದಿ. ಪದರ ತೆಳುವಾದಂತೆ ಅವಕಾಶ ಕಡಿಮೆಯಾಗುತ್ತದೆ, ಅದು ನಿಜ. ಆದರೆ 6.9ಕ್ಕೂ 7ಕ್ಕೂ ನಡುವೆ ಪ್ರಪಾತವೇನೂ ಇಲ್ಲ. ಇಳಿಜಾರು ಇದೆ, ಅಷ್ಟೇ. 6.2 ಇದ್ದ ನನ್ನ ತಂಗಿಯಂಥವರಿಗೂ ಅವಕಾಶ 7.5 ಇದ್ದವರಿಗಿಂತ ಸ್ವಲ್ಪವೇ ಕಡಿಮೆ. ಪೂರ್ತಿ ಇಲ್ಲ ಅಂತ ಅಲ್ಲವೇ ಅಲ್ಲ.

ಅಳೆಯುವ ರೀತಿಯೂ ತಿಳಿದಿರಬೇಕು. ಗರ್ಭಕೋಶದ ನಡುವಿನ ಉದ್ದ ಸೀಳನ್ನು ಪರದೆಯ ಮೇಲೆ ತಂದು, ಪದರ ಎಲ್ಲಿ ಅತಿ ದಪ್ಪವಾಗಿ ಕಾಣುತ್ತದೋ ಅಲ್ಲಿ ಈ ಅಂಚಿಂದ ಆ ಅಂಚಿಗೆ ಎರಡು ಚುಕ್ಕಿ ಇಡುತ್ತಾರೆ. ಪ್ರೋಬ್ ಸ್ವಲ್ಪ ಓರೆಯಾದರೆ, ಅಳೆಯುವ ಕೈ ಬದಲಾದರೆ, ಅರ್ಧ ಮಿಲಿಮೀಟರ್ ಇಂದೋ ಒಂದು ಮಿಲಿಮೀಟರ್ ಇಂದೋ ಹೆಚ್ಚುಕಮ್ಮಿ ಬರುವುದು ಸಹಜ. ಇಂಥ ಅಳತೆಯ ಮೇಲೆ ದಶಾಂಶದ ಲೆಕ್ಕ ಹಿಡಿದು ರಾತ್ರಿ ನಿದ್ದೆಗೆಡುವುದು ಬೇಡ ಅಂತ ಎಷ್ಟು ಹೇಳಿದರೂ, ಆ ಕುರ್ಚಿಯಲ್ಲಿ ಕೂತವರಿಗೆ ಅದು ಕಷ್ಟವೇ. ನನಗೂ ಗೊತ್ತು.

ಇನ್ನು ತೀರಾ ದಪ್ಪ ಬೆಳೆಸುವ ಹಟವೂ ಬೇಕಿಲ್ಲ. 9 ಇದ್ದದ್ದನ್ನು 11 ಮಾಡಿದರೆ ಮಗು ಹುಟ್ಟುವ ಸಾಧ್ಯತೆಯೂ ಅಷ್ಟೇ ಏರುತ್ತದೆ ಅಂತ ಏನೂ ಇಲ್ಲ. ದಾಳಿಂಬೆ, ಬೀಟ್ರೂಟ್, ಅಂಟಿನುಂಡೆ ಎಲ್ಲವೂ ತಿನ್ನಲು ಒಳ್ಳೆಯವೇ. ಅವು ಪದರ ಬೆಳೆಸುತ್ತವೆ ಅನ್ನುವುದಕ್ಕೆ ನಂಬಬಹುದಾದ ಪುರಾವೆ ಇಲ್ಲ.

ಹದ ತಪ್ಪುವುದು ಎಲ್ಲಿ

ಮುದ್ದೆ ತಿರುವುವವರಿಗೆ ಗೊತ್ತು, ಪಾತ್ರೆಯಲ್ಲಿ ಹಿಟ್ಟು ಎಷ್ಟಿದೆ ಅನ್ನುವುದು ಒಂದು ಮಾತು, ಬೆಂದಿದೆಯಾ ಅನ್ನುವುದು ಇನ್ನೊಂದು. ಒಳಪದರವೂ ಹಾಗೇ. ಅದು ಮಾಗುವುದು ಪ್ರೊಜೆಸ್ಟರಾನ್‌ನಿಂದ. ಫ್ರೀಜ್ ಮಾಡಿದ ಭ್ರೂಣವನ್ನು ಔಷಧಿಯ ಸೈಕಲ್‌ನಲ್ಲಿ ಇಡುವಾಗ, ಮುಟ್ಟಿನ ಎರಡನೇ ಮೂರನೇ ದಿನದಿಂದ ಈಸ್ಟ್ರೋಜನ್ನಿನ ಒಂದು ರೂಪವಾದ ಎಸ್ಟ್ರಡಯೋಲ್ ಮಾತ್ರೆ ಕೊಡುತ್ತಾರೆ. ಸುಮಾರು ಎರಡು ವಾರ. ಪದರ ಸಾಕು ಅನಿಸಿದ ಮೇಲೆ ಪ್ರೊಜೆಸ್ಟರಾನ್ ಶುರು. ಐದು ದಿನದ ಭ್ರೂಣವಾದರೆ ಪ್ರೊಜೆಸ್ಟರಾನ್ ಐದು ದಿನ ತುಂಬಿದ ಮೇಲೆ ಟ್ರಾನ್ಸ್‌ಫರ್. ಭ್ರೂಣದ ವಯಸ್ಸೂ ಪದರದ ವಯಸ್ಸೂ ಕೂಡಿ ಬರಬೇಕು, ಅದೇ ಇದರ ಗುಟ್ಟು.

ಈ ಸೈಕಲ್‌ನಲ್ಲಿ ಅಂಡಾಣು ಬಿಡುಗಡೆಯೇ ಆಗುವುದಿಲ್ಲ. ಹಾಗಾಗಿ ದೇಹ ತಾನಾಗಿ ಪ್ರೊಜೆಸ್ಟರಾನ್ ಮಾಡುವುದೂ ಇಲ್ಲ. ನಾವು ಕೊಟ್ಟದ್ದೇ ಗತಿ. ಅದನ್ನು ಹೇಗೆ ಕೊಡುತ್ತೇವೆ ಅನ್ನುವುದು ಎಷ್ಟು ದೊಡ್ಡ ವಿಷಯ ಅಂತ ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಟ್ರಾನ್ಸ್‌ಫರ್‌ಗಳ ಮೇಲೆ ನಡೆದ ಒಂದು ಪ್ರಯೋಗ ತೋರಿಸಿತು. 2021ರಲ್ಲಿ ಅದರ ಫಲಿತಾಂಶ ಬಂತು. ದಿನಾ ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಮಗು ಹುಟ್ಟಿದ್ದು 44 ಶೇಕಡಾ. ಯೋನಿಯಲ್ಲಿ ಇಡುವ ಮಾತ್ರೆಯ ಜೊತೆಗೆ ಮೂರು ದಿನಕ್ಕೊಂದು ಇಂಜೆಕ್ಷನ್ ಪಡೆದವರಲ್ಲಿ 46. ಬರೀ ಮಾತ್ರೆ ಇಟ್ಟುಕೊಂಡವರಲ್ಲಿ 27. ಎಷ್ಟೊಂದು ಅಂತರ! ಅದೂ ಸ್ಕ್ಯಾನ್‌ನ ಮಿಲಿಮೀಟರ್‌ನಲ್ಲಿ ಕಾಣದ ಅಂತರ. ಸೊಂಟಕ್ಕೆ ಹಾಕುವ ಆ ಎಣ್ಣೆ ಇಂಜೆಕ್ಷನ್ ತುಂಬ ನೋವು. ಗಂಟು ಕಟ್ಟಿ, ಬಿಸಿನೀರಿನ ಶಾಖ ಕೊಡುತ್ತಾ ಕೂರಬೇಕು. ಆದರೂ “ನನಗೆ ಪ್ರೊಜೆಸ್ಟರಾನ್ ಯಾವ ರೂಪದಲ್ಲಿ ಕೊಡುತ್ತೀರಿ, ರಕ್ತದಲ್ಲಿ ಸಾಕಷ್ಟು ಇದೆಯಾ ಅಂತ ನೋಡುತ್ತೀರಾ” ಎಂದು ಡಾಕ್ಟರನ್ನು ಕೇಳಿ. ಲೈನಿಂಗ್ ಎಷ್ಟು ಅಂತ ಕೇಳುವುದಕ್ಕಿಂತ ಇದು ಹೆಚ್ಚು ಉಪಯೋಗದ ಪ್ರಶ್ನೆ.

ತಿಂಗಳು ಸರಿಯಾಗಿ ಬರುವವರಿಗೆ ಇನ್ನೊಂದು ದಾರಿಯೂ ಇದೆ. ಔಷಧಿಯಿಂದ ಪದರ ಕಟ್ಟುವ ಬದಲು, ದೇಹದ ಸ್ವಂತ ಸೈಕಲ್ ನೋಡಿಕೊಂಡು, ಅಂಡಾಣು ಬಿಡುಗಡೆಯಾದ ದಿನ ಲೆಕ್ಕ ಹಿಡಿದು ಭ್ರೂಣ ಇಡುವುದು. ಇದರಲ್ಲಿ ಸ್ಕ್ಯಾನ್‌ಗೆ ಓಡಾಟ ಜಾಸ್ತಿ, ದಿನಾಂಕ ನಮ್ಮ ಕೈಯಲ್ಲಿಲ್ಲ. ಆದರೆ ಔಷಧಿ ಸೈಕಲ್‌ನಲ್ಲಿ ಬಸಿರಾದವರಿಗೆ ಬಿಪಿ ಏರುವ ತೊಂದರೆ ಹೆಚ್ಚು ಅಂತ ಹಲವು ದೇಶಗಳ ದಾಖಲೆ ಹೇಳುತ್ತಿವೆ. ಅಂಡಾಣು ಬಿಡುಗಡೆಯಾದ ಜಾಗದಲ್ಲಿ ಉಳಿಯುವ ಕಾರ್ಪಸ್ ಲ್ಯೂಟಿಯಂ ಇಲ್ಲದಿರುವುದೇ ಇದಕ್ಕೆ ಕಾರಣವಿರಬಹುದು ಅನ್ನುತ್ತಾರೆ.

ಕೋಲ್ಕತ್ತಾದ ಡಾಕ್ಟರಿಗೆ 1978ರಲ್ಲೇ ಹೊಳೆದದ್ದು

ಅಂಡಾಣು ಬೆಳೆಸಲು ಇಂಜೆಕ್ಷನ್ ಕೊಟ್ಟ ತಿಂಗಳಲ್ಲಿ ಹಾರ್ಮೋನು ಸಹಜಕ್ಕಿಂತ ಎಷ್ಟೋ ಪಟ್ಟು ಏರುತ್ತದೆ. ಪ್ರೊಜೆಸ್ಟರಾನ್ ಕೆಲವರಲ್ಲಿ ಬೇಗ ಬಂದುಬಿಡುತ್ತದೆ. ಪದರ ಒಂದೆರಡು ದಿನ ಮುಂದೆ ಓಡುತ್ತದೆ, ಭ್ರೂಣ ಹಿಂದೆ ಉಳಿಯುತ್ತದೆ. ಅದಕ್ಕೇ ಈಗ ಬಹಳ ಕಡೆ ಭ್ರೂಣಗಳನ್ನು ಫ್ರೀಜ್ ಮಾಡಿಟ್ಟು, ಮುಂದಿನ ಯಾವುದೋ ತಿಂಗಳಲ್ಲಿ ಇಡುತ್ತಾರೆ.

ಇದು ಹೊಸ ಕಾಲದ ಬುದ್ಧಿ ಅಂದುಕೊಂಡಿದ್ದೆ. ಅಲ್ಲ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಐವಿಎಫ್ ಮೂಲಕ ಜಗತ್ತಿನ ಮೊದಲ ಮಗು ಲೂಯಿಸ್ ಬ್ರೌನ್ ಹುಟ್ಟಿದಳು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ಅವರ ಚಿಕಿತ್ಸೆಯಿಂದ ಒಂದು ಹೆಣ್ಣುಮಗು ಹುಟ್ಟಿತು. ದುರ್ಗಾ ಅಂತ ಕರೆದರು. ಅವರು ಔಷಧ ಕೊಟ್ಟು ಅಂಡಾಣು ಬೆಳೆಸಿದರು. ಭ್ರೂಣವನ್ನು ಅದೇ ತಿಂಗಳು ಇಡಲಿಲ್ಲ. 53 ದಿನ ಫ್ರೀಜ್ ಮಾಡಿಟ್ಟು, ಆಮೇಲೆ ಗರ್ಭಕೋಶಕ್ಕೆ ಸೇರಿಸಿದರು. ಫ್ರೀಜ್ ಮಾಡಿದ ಭ್ರೂಣದಿಂದ ಮಗು ಅನ್ನುವುದು ಹೊರದೇಶಗಳಲ್ಲಿ ಸಾಧ್ಯವಾಗಲು 1984ರವರೆಗೆ ಕಾಯಬೇಕಾಯಿತು.

ಆದರೆ ಅವರನ್ನು ಯಾರೂ ನಂಬಲಿಲ್ಲ. ಸರಕಾರ ನೇಮಿಸಿದ ಸಮಿತಿ ಅವರ ಕೆಲಸವನ್ನು ತಳ್ಳಿಹಾಕಿತು. ಆ ಅವಮಾನದಲ್ಲೇ 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. 1986ರಲ್ಲಿ ಮುಂಬೈಯಲ್ಲಿ ಹುಟ್ಟಿದ ಮಗುವೇ ದೇಶದ ಮೊದಲ ಟೆಸ್ಟ್ ಟ್ಯೂಬ್ ಮಗು ಅಂತ ದಾಖಲಾಯಿತು. ಆ ಮುಂಬೈ ತಂಡದ ವಿಜ್ಞಾನಿ ಟಿ. ಸಿ. ಆನಂದ ಕುಮಾರ್ ಮುಂದೆ ಮುಖೋಪಾಧ್ಯಾಯರ ಕೈಬರಹದ ಟಿಪ್ಪಣಿಗಳನ್ನು ಓದಿದರು. ಓದಿದವರು, ಮೊದಲಿಗರು ಅವರೇ ಎಂದು 1997ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ತನ್ನ ಹೆಸರಿಗಿದ್ದ ಮೊದಲ ಸ್ಥಾನವನ್ನು ತಾನೇ ಬಿಟ್ಟುಕೊಟ್ಟ ದೊಡ್ಡತನ ಅದು. ಈ ಕಥೆ ಐವಿಎಫ್ ಕ್ಲಿನಿಕ್ಕುಗಳ ಗೋಡೆಯ ಮೇಲೆ ಇರಬೇಕಿತ್ತು.

ಹಾಗಂತ ಎಲ್ಲರೂ ಫ್ರೀಜ್ ಮಾಡಿಸಲೇಬೇಕು ಅಂತೇನಿಲ್ಲ. ಅಂಡಾಶಯದ ಹಾರ್ಮೋನು ತೊಂದರೆಯಾದ ಪಿಸಿಒಎಸ್ ಇರುವವರಿಗೆ ಅದರಿಂದ ಲಾಭ ಅನ್ನುವುದು 2016ರಲ್ಲಿ ಚೀನಾದ 1,508 ಮಹಿಳೆಯರ ಪ್ರಯೋಗದಲ್ಲಿ ಕಂಡಿತು. ಫ್ರೀಜ್ ಮಾಡಿದವರಲ್ಲಿ ಮಗು ಹುಟ್ಟಿದ್ದು 49.3 ಶೇಕಡಾ, ಅದೇ ತಿಂಗಳು ಇಟ್ಟವರಲ್ಲಿ 42. ಆದರೆ ಪಿಸಿಒಎಸ್ ಇಲ್ಲದವರ ಮೇಲೆ 2018ರಲ್ಲಿ ಬಂದ ಎರಡು ಪ್ರಯೋಗಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಬೇರಿಗೇ ಪೆಟ್ಟು ಬಿದ್ದಾಗ

ಹುಲ್ಲಿನ ಬೇರಿನ ಮಾತು ಹೇಳಿದ್ದೆನಲ್ಲ. ಮಾತ್ರೆ ಕೊಟ್ಟರೂ ಪದರ ಏಳದಿದ್ದರೆ ಮೊದಲು ನೋಡಬೇಕಾದದ್ದು ತಳದ ಪದರವನ್ನು.

ಗರ್ಭಪಾತವಾದಾಗ ನಮ್ಮ ಕಡೆ “ಕ್ಲೀನ್ ಮಾಡಿಸಿದ್ವಿ” ಅನ್ನುತ್ತಾರೆ. ಆ ಒಂದು ಮಾತಿನಲ್ಲಿ ಎಷ್ಟೋ ಅಡಗಿರುತ್ತದೆ. ಲೋಹದ ಸಾಧನದಿಂದ ಕೆರೆದು ತೆಗೆಯುವ ಡಿ ಅಂಡ್ ಸಿ ಮಾಡಿದ್ದರೆ, ಕೈ ಸ್ವಲ್ಪ ಆಳಕ್ಕೆ ಹೋದರೂ ತಳದ ಪದರ ಕಿತ್ತುಬರುತ್ತದೆ. ಗಾಯ ಮಾಗುವಾಗ ಎದುರುಬದುರು ಗೋಡೆಗಳು ಒಂದಕ್ಕೊಂದು ಅಂಟುತ್ತವೆ. 1948ರಲ್ಲಿ ಇದನ್ನು ವಿವರವಾಗಿ ಬರೆದ ಜೋಸೆಫ್ ಆಶರ್‌ಮನ್ ಹೆಸರಿನಲ್ಲೇ ಇದಕ್ಕೆ ಆಶರ್‌ಮನ್ ಸಿಂಡ್ರೋಮ್ ಎನ್ನುತ್ತಾರೆ. ಮುಟ್ಟಿನ ಹರಿವು ಮುಂಚಿಗಿಂತ ತೀರಾ ಕಡಿಮೆಯಾಗುವುದು ಇದರ ಸುಳಿವು. ಗರ್ಭಪಾತಕ್ಕೆ ಕೆರೆಯುವ ವಿಧಾನ ಬೇಡ, ಮಾತ್ರೆ ಅಥವಾ ಹೀರಿ ತೆಗೆಯುವ ವಿಧಾನ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಂದೋ ಹೇಳಿದೆ. ಆದರೂ ಇದು ಪೂರ್ತಿ ನಿಂತಿಲ್ಲ. ಮುಂದೆ ಲಕ್ಷಗಟ್ಟಲೆ ಸುರಿದರೂ ಸರಿಪಡಿಸಲಾಗದ ಗಾಯ ಎಷ್ಟೋ ಸಲ ಅವತ್ತಿನ ಹತ್ತು ನಿಮಿಷದಲ್ಲಿ ಆಗಿರುತ್ತದೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು ಟಿಬಿ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ರೋಗಾಣು ಶ್ವಾಸಕೋಶದಿಂದ ರಕ್ತದ ಮೂಲಕ ಗರ್ಭನಾಳಕ್ಕೆ, ಅಲ್ಲಿಂದ ಗರ್ಭಕೋಶಕ್ಕೆ ಇಳಿಯುತ್ತದೆ. ಕೆಮ್ಮಿಲ್ಲ, ಜ್ವರವಿಲ್ಲ. ಮಗು ಆಗುತ್ತಿಲ್ಲ ಅಂತ ಪರೀಕ್ಷೆಗೆ ಬಂದಾಗಲೇ ಗೊತ್ತಾಗುವುದು. ಅಷ್ಟರಲ್ಲಿ ನಾಳ ಮುಚ್ಚಿರುತ್ತದೆ, ಪದರ ಕಲೆಗಟ್ಟಿರುತ್ತದೆ. ಆರು ತಿಂಗಳ ಔಷಧಿಯಿಂದ ರೋಗ ವಾಸಿಯಾಗುತ್ತದೆ. ಹಾಳಾದ ಪದರ ಮಾತ್ರ ಎಲ್ಲರಲ್ಲೂ ಮರಳುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಪಿಸಿಆರ್ ಪರೀಕ್ಷೆ ಸತ್ತ ರೋಗಾಣುವಿನ ತುಣುಕನ್ನೂ ಹಿಡಿಯುತ್ತದೆ. ಪಿಸಿಆರ್ ಪಾಸಿಟಿವ್ ಬಂತು ಅನ್ನುವ ಒಂದೇ ಕಾರಣಕ್ಕೆ ಆರು ತಿಂಗಳ ಮಾತ್ರೆ ಶುರು ಮಾಡಿದರೆ, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದು ಒಳ್ಳೆಯದು.

ಗರ್ಭಕೋಶದ ಒಳಕ್ಕೆ ಚಾಚಿದ ಫೈಬ್ರಾಯ್ಡ್ ಗಡ್ಡೆ, ಪಾಲಿಪ್, ಗೋಡೆಯೊಳಗೆ ಪದರದ ಅಂಗಾಂಶ ಬೆಳೆಯುವ ಅಡಿನೋಮಯೋಸಿಸ್, ಒಳಗೊಳಗೇ ಕುದಿಯುವ ಸೋಂಕು, ಇವೂ ಹದ ಕೆಡಿಸಬಲ್ಲವು. ಕೆಲವಕ್ಕೆ, ಸಣ್ಣ ಕ್ಯಾಮೆರಾ ಹಾಯಿಸಿ ಗರ್ಭಕೋಶದ ಒಳಗೆ ನೋಡುವ ಹಿಸ್ಟರೋಸ್ಕೋಪಿಯಲ್ಲಿ ಪರಿಹಾರವಿದೆ. ಸೋಂಕಿಗೆ ಎರಡು ವಾರದ ಆಂಟಿಬಯೋಟಿಕ್ ಕೊಡುತ್ತಾರೆ. ಆದರೆ ಸ್ಕ್ಯಾನ್‌ನಲ್ಲಿ ಎಲ್ಲ ಸರಿ ಇದ್ದರೂ ಐವಿಎಫ್‌ಗೆ ಮುಂಚೆ ಎಲ್ಲರಿಗೂ ಹಿಸ್ಟರೋಸ್ಕೋಪಿ ಮಾಡುವುದರಿಂದ ಲಾಭವಿಲ್ಲ ಎಂದು ಯುರೋಪಿನ ಎರಡು ದೊಡ್ಡ ಪ್ರಯೋಗಗಳು 2016ರಲ್ಲೇ ತೋರಿಸಿವೆ.

ಬಿಲ್ಲಿನಲ್ಲಿ ಸೇರಿಕೊಳ್ಳುವ ಹೊಸ ಸಾಲುಗಳು

ಒಂದು ಸಲ ಚಿಕಿತ್ಸೆ ಫಲಿಸದ ದಂಪತಿ ಏನು ಹೇಳಿದರೂ ಮಾಡಲು ತಯಾರಿರುತ್ತಾರೆ. ಒಂದೂವರೆ ಎರಡು ಲಕ್ಷ ಆಗಲೇ ಹೋಗಿದೆ, ಇನ್ನು ಇಷ್ಟರಲ್ಲಿ ಏನು ಅನಿಸುತ್ತದೆ. ಅಂಥ ಹೊತ್ತಿನಲ್ಲೇ ಒಳಪದರದ ಹೆಸರಿನಲ್ಲಿ ಒಂದೊಂದೇ ಹೆಚ್ಚುವರಿ ಚಿಕಿತ್ಸೆ ಬಿಲ್ಲಿಗೆ ಸೇರುತ್ತದೆ.

ಸ್ಕ್ರ್ಯಾಚಿಂಗ್ ಉದಾಹರಣೆ ನೋಡಿ. ತೆಳು ಕೊಳವೆಯಿಂದ ಪದರವನ್ನು ಸ್ವಲ್ಪ ಗೀರಿದರೆ ಭ್ರೂಣ ಚೆನ್ನಾಗಿ ಅಂಟುತ್ತದೆ ಎಂದು 2003ರಲ್ಲಿ ಇಸ್ರೇಲಿನ ಸಂಶೋಧಕರು ಸಣ್ಣ ಅಧ್ಯಯನದಲ್ಲಿ ಹೇಳಿದರು. ಜಗತ್ತಿನಾದ್ಯಂತ ಗೀರಲು ಶುರು ಮಾಡಿದರು. 2019ರಲ್ಲಿ ಐದು ದೇಶಗಳ 1,364 ಮಹಿಳೆಯರ ಮೇಲೆ ಸರಿಯಾದ ಪ್ರಯೋಗ ನಡೆಸಿ ನೋಡಿದರೆ, ಗೀರಿದವರಲ್ಲಿ ಮಗು ಹುಟ್ಟಿದ್ದು 26.1 ಶೇಕಡಾ. ಗೀರದವರಲ್ಲಿಯೂ 26.1 ಶೇಕಡಾ. ಅಷ್ಟು ವರ್ಷ ಅಷ್ಟು ಹೆಣ್ಣುಮಕ್ಕಳು ಆ ನೋವು ತಿಂದದ್ದು ಯಾಕೆ?

ಇಆರ್‌ಎ ಎಂಬ ಇನ್ನೊಂದು ಪರೀಕ್ಷೆ ಇದೆ. ಸ್ಪೇನಿನಲ್ಲಿ ಹುಟ್ಟಿದ್ದು. ಪದರದ ಚೂರು ತೆಗೆದು 200ಕ್ಕೂ ಹೆಚ್ಚು ಜೀನ್‌ಗಳ ಚಟುವಟಿಕೆ ನೋಡಿ, ನಿಮ್ಮ ಬಾಗಿಲು ಯಾವ ಗಂಟೆಗೆ ತೆರೆಯುತ್ತದೆ ಎಂದು ಹೇಳುತ್ತಾರೆ. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಅದಕ್ಕಾಗಿ ಒಂದು ಇಡೀ ತಿಂಗಳು ಹೋಗುತ್ತದೆ, ಹತ್ತಾರು ಸಾವಿರ ರೂಪಾಯಿಯೂ ಹೋಗುತ್ತದೆ. 2022ರಲ್ಲಿ ಅಮೆರಿಕದಲ್ಲಿ 767 ಮಹಿಳೆಯರ ಪ್ರಯೋಗದ ಫಲ ಬಂತು. ಪರೀಕ್ಷೆ ಹೇಳಿದ ಗಂಟೆಗೆ ಇಟ್ಟವರಲ್ಲಿ ಮಗು ಹುಟ್ಟಿದ್ದು 58.5 ಶೇಕಡಾ. ಎಂದಿನ ಲೆಕ್ಕದಲ್ಲಿ ಇಟ್ಟವರಲ್ಲಿ 61.9. ಅಂದರೆ ಪರೀಕ್ಷೆಯಿಂದ ಏನೂ ಹೆಚ್ಚಾಗಲಿಲ್ಲ. ಇವರಲ್ಲಿ ಹೆಚ್ಚಿನವರು ಪದೇಪದೇ ಸೋತವರಲ್ಲ, ಅದನ್ನೂ ಹೇಳಬೇಕು. ಆದರೂ ಎಲ್ಲರಿಗೂ ಮಾಡಿಸಿ ಅನ್ನುವುದಕ್ಕೆ ಆಧಾರವಿಲ್ಲ.

ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸಿ ಗರ್ಭಕೋಶಕ್ಕೆ ಬಿಡುವ ಪಿಆರ್‌ಪಿ, ಸಿಲ್ಡೆನಾಫಿಲ್, ಆಸ್ಪಿರಿನ್, ಜಿಸಿಎಸ್‌ಎಫ್ ಎಂಬ ಔಷಧಿಗಳು, ಪದರ ಬೆಳೆಸುವ ವಿಷಯದಲ್ಲಿ ಇವೆಲ್ಲ ಇನ್ನೂ ಸಣ್ಣ ಅಧ್ಯಯನಗಳ ಮಟ್ಟದಲ್ಲೇ ಇವೆ. ಪದರ ಒಂದು ಮಿಲಿಮೀಟರ್ ಏರಿತು ಅನ್ನುತ್ತಾರೆ. ಮಗು ಹುಟ್ಟುವುದು ಹೆಚ್ಚಾಯಿತಾ ಅನ್ನುವುದೇ ನಿಜವಾದ ಪ್ರಶ್ನೆ. ಬ್ರಿಟನ್ನಿನಲ್ಲಿ ಐವಿಎಫ್ ನೋಡಿಕೊಳ್ಳುವ ಎಚ್‌ಎಫ್‌ಇಎ ಎಂಬ ಸಂಸ್ಥೆ ಇಂಥ ಹಲವು ಹೆಚ್ಚುವರಿ ಚಿಕಿತ್ಸೆಗಳಿಗೆ, ಪುರಾವೆ ಎಷ್ಟಿದೆ ಎಂದು ನೋಡಿ, ಬಣ್ಣ ಕೊಟ್ಟು ಜನರಿಗೆ ತಿಳಿಸುತ್ತದೆ. ನಮ್ಮಲ್ಲಿ 2021ರಲ್ಲಿ ಎಆರ್‌ಟಿ ಕಾಯ್ದೆ ಬಂತು. ಕ್ಲಿನಿಕ್ ನೋಂದಣಿ, ವಯಸ್ಸಿನ ಮಿತಿ, ದಾನಿಗಳ ವಿಷಯ ಎಲ್ಲ ಅದರಲ್ಲಿದೆ. ಇಂಥ ಬಣ್ಣದ ಪಟ್ಟಿಯೂ ನಮಗೆ ಬೇಕು, ಕನ್ನಡದಲ್ಲೂ ಬೇಕು. ಬಿಲ್ ಕಟ್ಟುವವರು ನಾವು.

ಸೋತಾಗ ಕಾರಣ ಎಲ್ಲಿರುತ್ತದೆ

ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸು ಹಗುರ ಮಾಡಿದ ಅಧ್ಯಯನ 2021ರದ್ದು. ಕ್ರೋಮೋಸೋಮ್ ಸರಿ ಇವೆ ಎಂದು ಪರೀಕ್ಷಿಸಿದ ಭ್ರೂಣಗಳನ್ನೇ, ಒಂದು ಸಲಕ್ಕೆ ಒಂದರಂತೆ ಮೂರು ಸಲದವರೆಗೆ ಇಟ್ಟರೆ ಏನಾಗುತ್ತದೆ ಅಂತ 4,429 ಮಹಿಳೆಯರ ದಾಖಲೆ ನೋಡಿದರು. ಮೂರು ಪ್ರಯತ್ನದೊಳಗೆ ಮಗು ಪಡೆಯುವ ಒಟ್ಟು ಅಂದಾಜು ಸಾಧ್ಯತೆ 92.6 ಶೇಕಡಾ ಬಂತು. ಇವರೆಲ್ಲ ಗರ್ಭಕೋಶ ಸರಿ ಇದೆ ಎಂದು ಮೊದಲೇ ನೋಡಿದವರು. ಎಲ್ಲರಿಗೂ ಅಂಥ ಮೂರು ಭ್ರೂಣ ಸಿಗುವುದೂ ಇಲ್ಲ. ಆದರೂ ಇದರ ಅರ್ಥ ಸ್ಪಷ್ಟ. ಭ್ರೂಣ ಸರಿ ಇದ್ದರೆ, ಕಲೆಯಿಲ್ಲದ ಗರ್ಭಕೋಶ ಬಹುಪಾಲು ಅದನ್ನು ಒಪ್ಪಿಕೊಳ್ಳುತ್ತದೆ. ಹೆಚ್ಚಿನ ಸೋಲು ಭ್ರೂಣದ ಕ್ರೋಮೋಸೋಮ್ ತೊಂದರೆಯಿಂದ. ಹೆಂಗಸಿನ ವಯಸ್ಸು ಏರಿದಂತೆ ಅದು ಜಾಸ್ತಿ. ವೀರ್ಯಾಣುವಿನ ಪಾಲೂ ಇರುತ್ತದೆ. “ಎಂಬ್ರಿಯೋ ಚೆನ್ನಾಗೇ ಇತ್ತು” ಅನ್ನುವ ಮಾತು ಮೈಕ್ರೋಸ್ಕೋಪಿನಲ್ಲಿ ಕಂಡ ರೂಪದ ಬಗ್ಗೆ. ಕ್ರೋಮೋಸೋಮ್ ಹಾಗೆ ನೋಡಿದರೆ ಕಾಣುವುದಿಲ್ಲ.

ತಂಗಿಯನ್ನು ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಮೊದಲು ಕೇಳಿದ್ದು, “ಹಿಂದೆ ಅಬಾರ್ಷನ್ ಆಗಿತ್ತಾ, ಕ್ಲೀನ್ ಮಾಡಿದ್ದರಾ, ಆಮೇಲೆ ಮುಟ್ಟು ಹೇಗೆ ಆಗ್ತಿದೆ?” ಆಗಿತ್ತು. ನಾಲ್ಕು ವರ್ಷದ ಹಿಂದೆ. ಆಮೇಲೆ ಮುಟ್ಟು ಎರಡೇ ದಿನಕ್ಕೆ ನಿಲ್ಲುತ್ತಿತ್ತು. ಈ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಹಿಸ್ಟರೋಸ್ಕೋಪಿಯಲ್ಲಿ ಒಂದು ಮೂಲೆಯಲ್ಲಿ ತೆಳ್ಳಗೆ ಅಂಟಿಕೊಂಡದ್ದು ಕಂಡಿತು. ಬಿಡಿಸಿದರು. ಮುಂದಿನ ಸೈಕಲ್ ಪದರ ಬೆಳೆಸುವ ಔಷಧಿಯಿಲ್ಲದೆ, ಅವಳದೇ ಅಂಡಾಣುವಿನ ಲೆಕ್ಕದಲ್ಲಿ ನಡೆಯಿತು. ಪದರ 6.6 ಬಂತು. “ಸಾಕು, ಗೆರೆ ಚೆನ್ನಾಗಿದೆ” ಎಂದರು ಡಾಕ್ಟರ್.

ಟ್ರಾನ್ಸ್‌ಫರ್ ಆದ ದಿನ ಅತ್ತೆ ಮಂಚದ ಕಾಲಿನ ಕಡೆ ಎರಡು ಇಟ್ಟಿಗೆ ಇಡಿಸಿದ್ದರು. ಇಟ್ಟದ್ದು ಜಾರಿ ಬಿದ್ದೀತು ಅಂತ ಅವರಿಗೆ ಭಯ. ಪ್ರೀತಿಯಿಂದಲೇ ಮಾಡಿದ್ದು. ಒಳಪದರದ ಎರಡು ಗೋಡೆಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ, ನಡುವೆ ಸಿಕ್ಕಿದ್ದು ನಡೆದಾಡಿದರೆ ಬೀಳುವುದಿಲ್ಲ, ಹಾಸಿಗೆ ಹಿಡಿದವರಿಗೆ ಲಾಭವಾಗಿಲ್ಲ ಅಂತ ಅಧ್ಯಯನಗಳೇ ಹೇಳಿವೆ ಎಂದು ನಾನು ಕೂತು ವಿವರಿಸಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ಇಟ್ಟಿಗೆ ಹಿತ್ತಲಿಗೆ ಹೋಗಿತ್ತು. ತಂಗಿ ಮಹಡಿ ಹತ್ತಿ ಬಟ್ಟೆ ಒಣಹಾಕಿ ಬಂದಳು. ಡೈರಿಯಲ್ಲಿ ಈಗ ಮಿಲಿಮೀಟರ್ ಇಲ್ಲ, ಪ್ರೊಜೆಸ್ಟರಾನ್ ಮಾತ್ರೆಯ ಹೊತ್ತು ಬರೆದಿದೆ, ಬೆಳಿಗ್ಗೆ ಎಂಟು, ರಾತ್ರಿ ಎಂಟು. ಗರ್ಭ ನಿಂತಿದೆಯಾ ಎಂದು ಹೇಳುವ ಬೀಟಾ ರಕ್ತಪರೀಕ್ಷೆಯ ರಿಪೋರ್ಟ್ ಗುರುವಾರ ಬರುತ್ತದೆ.